ಭಟ್ಕಳದ್ದೆಂದು ಬರೆಸಿದ ಮೀನು

ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಸೇರಿದ ವರ್ಷ ಗೈಡ್ ನಮ್ಮಿಬ್ಬರಿಗೂ ಸೇರಿಸಿ ಒಂದೇ ಮೀನು ಕೊಟ್ಟರು. ನಾನು ಕುಮಟೆ ಕಡೆಯವಳು, ಮಿರ್ಜಾನದ ಹತ್ತಿರದ ಹಳ್ಳಿಯ ಮಾಸ್ತರ ಮಗಳು. ಇನ್ನೊಬ್ಬಳು ಭಟ್ಕಳದವಳು, ಅವಳ ತಂದೆಗೆ ಪೇಟೆಯಲ್ಲಿ ಬಟ್ಟೆ ಅಂಗಡಿ. ಘಟ್ಟದ ಮೇಲಿನ ಆ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕರಾವಳಿಯಿಂದ ಹೋದವರು ನಾವಿಬ್ಬರೇ. "ನಿಮ್ಮೂರ ಹಳ್ಳದ ಮೀನು, ನೀವೇ ಹಿಡಿದುಕೊಂಡು ಬನ್ನಿ" ಎಂದು ಗೈಡ್ ನಮ್ಮನ್ನು ಒಂದೇ ಮೇಜಿಗೆ ಕೂರಿಸಿದರು. ಮೀನು ಒಂದು, ಪ್ರಬಂಧ ಎರಡು. ಯಾವ ಹೊಳೆಯ ಮೀನು ಯಾವ ಹೊಳೆಯದಕ್ಕೆ ಹತ್ತಿರದ ಸಂಬಂಧ ಎಂಬುದು ನನ್ನ ಪಾಲಿಗೆ ಬಂತು. ಒಂದೇ ಹೊಳೆಯಲ್ಲಿ ಹಳ್ಳದಿಂದ ಹಳ್ಳಕ್ಕೆ ಅದು ಎಷ್ಟು ಬದಲಾಗಿದೆ ಎಂಬುದು ಅವಳ ಪಾಲಿಗೆ.

ಬೆರಳುದ್ದದ ಮೀನು ಅದು. ಮೈಮೇಲೆ ಕಂದು ಪಟ್ಟೆ, ಬಾಯಿಯ ಸುತ್ತ ನಾಲ್ಕಾರು ಮೀಸೆ. ಹರಿಯುವ ನೀರಿನಲ್ಲಿ ಕಲ್ಲಿಗೆ ಹೊಟ್ಟೆ ಒತ್ತಿಕೊಂಡು ಕೂತಿರುತ್ತದೆ. ಸಾರಿಗೆ ಬಾರದ್ದರಿಂದ ನಮ್ಮ ಕಡೆ ಅದಕ್ಕೆ ಸರಿಯಾದ ಹೆಸರೂ ಇಲ್ಲ. ಯಾಣಕ್ಕೆ ಹೋಗುವ ದಾರಿಯ ಒಂದು ಹಳ್ಳದಲ್ಲಿ ನಾವಿಬ್ಬರೂ ಮೊಣಕಾಲುದ್ದ ನೀರಲ್ಲಿ ನಿಂತಿದ್ದಾಗ, ತಲೆಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಕಾಲುಸಂಕದ ಮೇಲೆ ನಿಂತು ಕೇಳಿದ್ದಳು.

"ಎಂತ ಹಿಡೂದು ಅಲ್ಲಿ?"

ಬಲೆ ಎತ್ತಿ ತೋರಿಸಿದೆವು.

"ಅದನ್ನ ಬೆಕ್ಕೂ ಮುಟ್ಟೂದಿಲ್ಲ" ಎಂದು ಹೇಳಿ ಆಕೆ ಹೋದಳು. ಎಷ್ಟೋ ದಿನ ನಾವು ಆ ಮಾತು ನೆನೆದು ನಕ್ಕೆವು.

ಗೈಡ್‌ಗೆ ಆ ಮೀನೇ ಬೇಕಾದದ್ದಕ್ಕೆ ಕಾರಣವಿತ್ತು. ಕುಮಟೆಯಲ್ಲಿ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ, ಭಟ್ಕಳದಲ್ಲಿ ಒಂದೆರಡು ಪುಟ್ಟ ಹೊಳೆಗಳು. ಎಲ್ಲವೂ ಬೇರೆ ಬೇರೆಯಾಗಿ ಘಟ್ಟ ಇಳಿದು ಬೇರೆ ಬೇರೆಯಾಗಿ ಸಮುದ್ರ ಸೇರುತ್ತವೆ. ಈ ಮೀನು ಉಪ್ಪುನೀರಿಗೆ ಬಂದರೆ ಸಾಯುತ್ತದೆ. ಹಾಗಾಗಿ ಒಂದು ಹೊಳೆಯ ಮೀನು ಅಳಿವೆಯವರೆಗೆ ಇಳಿದು ಪಕ್ಕದ ಹೊಳೆಗೆ ಹತ್ತಿಕೊಳ್ಳುವಂತಿಲ್ಲ. ನಡುವಿನ ಗುಡ್ಡಗಳು ಯಾವಾಗ ಎದ್ದವೋ ಅಂದಿನಿಂದ ಅವು ಅಲ್ಲಲ್ಲೇ ಉಳಿದುಬಿಟ್ಟಿವೆ. ಬೇರೆಯಾಗಿ ಬಾಳಿದ ಜೀವಿಗಳ ಡಿಎನ್‌ಎಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಒಂದೊಂದು ಅಕ್ಷರ ಬದಲಾಗುತ್ತ ಹೋಗುತ್ತದೆ. ಬೇರೆಯಾಗಿ ಹೆಚ್ಚು ಕಾಲವಾಗಿದ್ದರೆ ವ್ಯತ್ಯಾಸ ಹೆಚ್ಚು, ಮೊನ್ನೆ ಮೊನ್ನೆ ಬೇರೆಯಾಗಿದ್ದರೆ ಕಡಿಮೆ. ಈಜುರೆಕ್ಕೆಯ ತುದಿ ಕತ್ತರಿಸಿ, ಅದರಿಂದ ಡಿಎನ್‌ಎ ತೆಗೆದು, ಒಂದೇ ಜೀನಿನ ಅಕ್ಷರಗಳನ್ನು ಸಾಲಾಗಿ ಒಂದರ ಕೆಳಗೊಂದು ಜೋಡಿಸಿದರೆ ಯಾವುದು ಯಾವುದರಿಂದ ಮೊದಲು ಕವಲೊಡೆಯಿತು ಎಂದು ಕಂಪ್ಯೂಟರ್ ಒಂದು ವಂಶವೃಕ್ಷ ಬರೆದುಕೊಡುತ್ತದೆ. ನೋಡಲು ಒಂದೇ ಥರ ಇರುವ ಮೀನುಗಳು ಎಷ್ಟೋ ಸಲ ಬೇರೆ ಬೇರೆ ಪ್ರಭೇದಗಳೆಂದು ಆ ಮರದಲ್ಲಿ ಗೊತ್ತಾಗುತ್ತದೆ. ಮೀನಿನ ಮರ ಸಿಕ್ಕರೆ ಹೊಳೆಗಳ ಹಳೆಯ ಜಾಡೂ ಸಿಗುತ್ತದೆ ಎಂಬುದು ಗೈಡ್ ಲೆಕ್ಕ.

ಗೆಳತಿ ಕೆಲಸದಲ್ಲಿ ನನಗಿಂತ ಬಹಳ ಕಟ್ಟುನಿಟ್ಟು. ರೆಕ್ಕೆಯ ತುಂಡು ಹಾಕುವ ಪುಟ್ಟ ಪ್ಲಾಸ್ಟಿಕ್ ಶೀಶೆಯೊಳಗೆ ಸ್ಪಿರಿಟ್ ಇರುತ್ತದೆ, ಅದರಲ್ಲೇ ಹೆಸರಿನ ಚೀಟಿಯನ್ನೂ ಮುಳುಗಿಸಿಡಬೇಕು. ಸ್ಪಿರಿಟ್ಟಿನಲ್ಲಿ ಪೆನ್ನಿನ ಶಾಯಿ ಕರಗುತ್ತದೆ, ಪೆನ್ಸಿಲ್ ಕರಗುವುದಿಲ್ಲ. ಆದ್ದರಿಂದ ಅವಳ ಚೀಲದಲ್ಲಿ ಯಾವಾಗಲೂ ಮೂರು ಪೆನ್ಸಿಲ್. ಪ್ರತಿ ಹಳ್ಳದಿಂದ ಒಂದು ಮೀನನ್ನಾದರೂ ಇಡಿಯಾಗಿ ಜಾಡಿಯಲ್ಲಿ ತಂದಿಡುತ್ತಿದ್ದಳು. ಮುಂದೆ ಅನುಮಾನ ಬಂದರೆ ನೋಡಲು ಇರಲಿ ಎಂದು. ಬಸ್ಸಿನಲ್ಲಿ ಕೂತ ತಕ್ಷಣ ನೋಟುಪುಸ್ತಕ ತೆಗೆದು ಅಂದಿನದನ್ನು ಅಂದೇ ಬರೆಯುವಳು. "ಮನೆಗೆ ಹೋಗಿ ಬರದ್ರಾತು ಮಾರಾಯ್ತಿ" ಎಂದರೆ, "ಮನೆಗೆ ಹೋದ್ಮೇಲೆ ನೆನಪಿರೋದು ಬೇರೆ, ಇಲ್ಲಿ ನೋಡಿದ್ದು ಬೇರೆ" ಎನ್ನುವಳು. ಮನೆಯಲ್ಲಿ ಅವಳದು ನವಾಯತಿ, ಭಟ್ಕಳದ ಮುಸ್ಲಿಮರು ಆಡುವ ಕೊಂಕಣಿ. ನಮ್ಮ ನೆರೆಮನೆಯ ಕೊಂಕಣಿಯಿಂದ ನನಗೆ ಅದು ಅರ್ಧ ಅರ್ಥವಾಗುತ್ತಿತ್ತು. ಭಟ್ಕಳ ಕಡೆ ಮೀನು ಹಿಡಿಯುವ ದಿನಗಳಲ್ಲಿ ನಾನು ಅವರ ಮನೆಯಲ್ಲೇ ಉಳಿಯುತ್ತಿದ್ದೆ. ಅವಳ ತಾಯಿ ನಮ್ಮಿಬ್ಬರಿಗೂ ಡಬ್ಬಿ ಕಟ್ಟಿಕೊಡುವರು. ಹೆಚ್ಚಾಗಿ ತೆಂಗಿನಕಾಯಿ ಹಾಕಿದ ಶಾವಿಗೆ.

ಎರಡನೆಯ ವರ್ಷದ ಚಳಿಗಾಲದ ಹೊತ್ತಿಗೆ ಅಘನಾಶಿನಿಯ ನಾಲ್ಕು ಹಳ್ಳ, ಶರಾವತಿಯ ಮೂರು ಹಳ್ಳ ಮುಗಿದಿದ್ದವು. ಭಟ್ಕಳದ ಪೂರ್ವದ ಗುಡ್ಡದ ಬುಡದ ಒಂದು ಹಳ್ಳ ಉಳಿದಿತ್ತು. ನನ್ನ ಪ್ರಬಂಧಕ್ಕೆ ಅದು ಬೇಕೇ ಬೇಕು. ಅದು ಬಂದರೆ ಎಲ್ಲವನ್ನೂ ಒಟ್ಟಿಗೆ ಡಿಎನ್‌ಎ ಓದಿಸಲು ಕಳಿಸುವುದೆಂದು ಗೈಡ್ ಸೋಮವಾರದ ಗಡುವು ಕೊಟ್ಟಿದ್ದರು. ನಾನು ಭಟ್ಕಳದಲ್ಲಿ ಬಸ್ಸಿಳಿದರೆ ಅವಳಿಗೆ ಜ್ವರ. ಹೊದಿಕೆಯೊಳಗಿಂದಲೇ, "ಎರಡು ದಿನ ತಡಿ, ನಾನೂ ಬತ್ತೆ" ಎಂದಳು. ಗಡುವಿನ ನೆಪ ಹೇಳಿ ಒಬ್ಬಳೇ ಹೋದೆ.

ಎರಡು ಗಂಟೆ ನೀರಲ್ಲಿ ನಿಂತ ಮೇಲೆ ಐದು ಮೀನು ಸಿಕ್ಕವು. ಮೊದಲ ಚೀಟಿ ಬರೆಯುವಾಗಲೇ ಪೆನ್ಸಿಲ್ಲಿನ ಮೊನೆ ಮುರಿಯಿತು. ಕೈಯಲ್ಲಿ ಬ್ಲೇಡು ಇತ್ತು, ಆದರೆ ಅದು ರೆಕ್ಕೆ ಕತ್ತರಿಸುವ ಬ್ಲೇಡು. ಅದರಿಂದ ಪೆನ್ಸಿಲ್ ಹೆರೆದರೆ ಕೊಳೆಯಾಗುತ್ತದೆ. ಅಂಗಡಿಗೆ ಹೋಗಬೇಕೆಂದರೆ ಒಂದೂವರೆ ಮೈಲಿ ನಡೆಯಬೇಕು. ಚೀಲದಲ್ಲಿದ್ದ ನೀಲಿ ಪೆನ್ನಿನಲ್ಲಿ ಬರೆದು ಹಾಕಿದೆ. ಸಂಜೆ ಮನೆಗೆ ಹೋಗಿ ಪೆನ್ಸಿಲ್ಲಿನಲ್ಲಿ ಮತ್ತೆ ಬರೆದರಾಯಿತು ಎಂದುಕೊಂಡೆ. ಜಾಡಿ ತಂದಿರಲಿಲ್ಲ, ಮೀನುಗಳನ್ನು ಹಾಗೇ ನೀರಿಗೆ ಬಿಟ್ಟೆ. ಅಲ್ಲಿಂದ ಸೀದಾ ಬಸ್ಸು ಹತ್ತಿ ಊರಿಗೆ ಬಂದೆ. ಸಂಜೆ ದಣಿವಿನಲ್ಲಿ ಚೀಟಿ ಬದಲಿಸಲಿಲ್ಲ. ಮರುದಿನ ನಮ್ಮ ಮನೆಯಿಂದ ಹತ್ತಿರವೇ ಇದ್ದ ಇನ್ನೊಂದು ಹಳ್ಳಕ್ಕೂ ಹೋಗಿ ಐದು ಮೀನಿನ ರೆಕ್ಕೆ ತಂದೆ. ಅಘನಾಶಿನಿಯದು ಸಾಕಷ್ಟು ಇತ್ತು, ಆದರೂ ಒಂದು ಹೆಚ್ಚಿಗೆ ಇರಲಿ ಎಂದು. ಅದಕ್ಕೂ ಅದೇ ಪೆನ್ನು.

ಮಧ್ಯಾಹ್ನ ಊಟ ಮುಗಿಸಿ ಬಂದು ನೋಡುತ್ತೇನೆ, ಶೀಶೆಗಳೆಲ್ಲ ಡಬ್ಬಿಯ ಹೊರಗೆ, ಒಂದು ಸ್ಟೀಲ್ ತಟ್ಟೆಯಲ್ಲಿ ಸಾಲಾಗಿ ನಿಂತಿವೆ.

"ಅದೆಂತ ವಾಸನೆ ಬರ್ತಿತ್ತು, ಸೋರಿತ್ತು. ಎಲ್ಲ ಒರೆಸಿಟ್ಟಿದ್ದೆ" ಎಂದಳು ಅಮ್ಮ.

ಹತ್ತರಲ್ಲಿ ಐದು ಶೀಶೆಗಳ ಮುಚ್ಚಳ ಸಡಿಲವಾಗಿ ಸ್ಪಿರಿಟ್ ಪೂರ್ತಿ ಹೋಗಿತ್ತು, ರೆಕ್ಕೆಯ ತುಣುಕುಗಳು ಪ್ಲಾಸ್ಟಿಕ್ಕಿಗೆ ಒಣಗಿ ಅಂಟಿದ್ದವು. ಉಳಿದ ಐದರಲ್ಲಿ ಸ್ಪಿರಿಟ್ ತಿಳಿನೀಲಿಯಾಗಿತ್ತು. ಚೀಟಿಗಳು ಎಲ್ಲದರಲ್ಲೂ ಬರೀ ಬಿಳಿ. ಭಟ್ಕಳದ್ದನ್ನು ಡಬ್ಬಿಯ ಬಲಗಡೆ ಇಟ್ಟಿದ್ದೆ ಎಂದು ನೆನಪು. ಎಡಗಡೆಯೋ? ಒಣಗಿದ್ದು ಯಾವ ಕಡೆಯದು? ಅಮ್ಮನನ್ನು ಕೇಳಿದರೆ, "ನಂಗೆ ಹೆಂಗೆ ಗೊತ್ತಾಗ್ತದೆ, ಎಲ್ಲ ಒಂದೇ ನಮನಿ ಇದ್ದು" ಎಂದಳು.

ಹತ್ತನ್ನೂ ಎಸೆದು ಮತ್ತೆ ಭಟ್ಕಳಕ್ಕೆ ಹೋಗಿ ಬರುವುದು ಸರಿಯಾದ ದಾರಿ. ಆಗ ಸೋಮವಾರ ತಪ್ಪುತ್ತಿತ್ತು, ಗೈಡ್ ಮುಂದೆ ನಿಂತು ಪೆನ್ನಿನ ಕತೆ ಹೇಳಬೇಕಿತ್ತು. ಅದರ ಬದಲು ನಾನು ತಟ್ಟೆಯ ಮುಂದೆ ಕೂತು ನೆನಪು ಮಾಡಿಕೊಳ್ಳುತ್ತ ಹೋದೆ. ಉಳಿದದ್ದು ಭಟ್ಕಳದ್ದೇ ಆಗಿರಲಿ ಎಂದು ಬಯಸಿದೆ. ಸ್ವಲ್ಪ ಹೊತ್ತಿಗೆ ಬಯಸಿದ್ದನ್ನೇ ನಂಬಿದೆ. ಒಣಗಿದ ಐದನ್ನು ಹಿತ್ತಲ ತೆಂಗಿನ ಬುಡಕ್ಕೆ ಎಸೆದೆ. ಒಣಗಿದ ರೆಕ್ಕೆಯಿಂದಲೂ ಡಿಎನ್‌ಎ ತೆಗೆಯಬಹುದೆಂದು ಆಮೇಲೆ ಗೊತ್ತಾಯಿತು.

ಸೋಮವಾರ ಬೆಳಿಗ್ಗೆ ಗೆಳತಿ ಜ್ವರ ಬಿಟ್ಟು ವಿಭಾಗಕ್ಕೆ ಬಂದಿದ್ದಳು. ಐದು ಶೀಶೆ ಅವಳ ಮುಂದಿಟ್ಟು, "ಭಟ್ಕಳದ್ದು. ಚೀಟಿ ಅಳಿಸಿಹೋಯ್ದು. ನಿನ್ನ ಅಕ್ಷರ ಚೆಂದ, ನೀನೇ ಬರದು ಹಾಕು" ಎಂದೆ.

ಅವಳು ಒಂದು ಶೀಶೆಯನ್ನು ಬೆಳಕಿಗೆ ಹಿಡಿದಳು. "ಪೆನ್ನಲ್ಲಿ ಬರದ್ಯಾ?"

"ಮೊನೆ ಮುರಿದೋಯ್ತು."

"ಭಟ್ಕಳದ್ದೇ ಹೇಳಿ ಖಾತ್ರಿ ಉಂಟಾ?"

"ಉಂಟು."

ಮತ್ತೊಂದು ಮಾತು ಕೇಳದೆ ಅವಳು ಬರೆದಳು. ಆಮೇಲೆ ತನ್ನ ನೋಟುಪುಸ್ತಕದಲ್ಲಿ ಆ ದಿನದ ಪುಟಕ್ಕೆ ಒಂದು ಸಾಲು ಸೇರಿಸಿದಳು: ಭಟ್ಕಳದ ಐದು ಶೀಶೆಗಳ ಚೀಟಿ ಅಳಿಸಿತ್ತು, ಮತ್ತೆ ಬರೆದದ್ದು. ಯಾರು ತಂದದ್ದು, ಯಾರ ಮಾತಿನ ಮೇಲೆ ಬರೆದದ್ದು ಎಂದು ಬರೆಯಲಿಲ್ಲ. ಗೆಳತಿಯ ತಪ್ಪನ್ನು ಪುಸ್ತಕಕ್ಕೆ ಹಾಕುವುದು ಬೇಡವೆಂದಿರಬೇಕು.

ಎರಡು ತಿಂಗಳಿಗೆ ಫಲಿತಾಂಶ ಬಂತು. ಅಕ್ಷರಗಳನ್ನು ಸಾಲು ಜೋಡಿಸಿ ಮರ ಬರೆಸಿದಾಗ ಶರಾವತಿಯ ಮೀನುಗಳು ತಮ್ಮದೇ ಒಂದು ಕೊಂಬೆಯಲ್ಲಿ ಕೂತವು. ಭಟ್ಕಳದ್ದೆಂದು ಬರೆದಿದ್ದ ಐದೂ ಶರಾವತಿಯನ್ನು ದಾಟಿ ಅಘನಾಶಿನಿಯ ಕೊಂಬೆಯೊಳಗೆ ಹೋಗಿ ಕೂತಿದ್ದವು. ತೆಂಗಿನ ಬುಡಕ್ಕೆ ಏನನ್ನು ಎಸೆದೆನೆಂದು ಅಂದೇ ನನಗೆ ಗೊತ್ತಾಗಿತ್ತು.

ಗೈಡ್ ಮಾತ್ರ ಕುರ್ಚಿಯಿಂದ ಎದ್ದು ನಿಂತಿದ್ದರು. "ನಡುವೆ ಅಷ್ಟು ದೊಡ್ಡ ಹೊಳೆ ಇದೆ. ಅದನ್ನು ಹಾರಿ ಈ ಮೀನು ಭಟ್ಕಳಕ್ಕೆ ಹೋಗಿದೆ ಅಂದರೆ ಏನರ್ಥ? ಹಿಂದೆ ಎಂದೋ ಘಟ್ಟದ ಮೇಲೆ ಈ ಎರಡು ನೀರು ಕೂಡಿದ್ದವು. ಇದನ್ನು ಯಾರೂ ಹೇಳಿಲ್ಲ" ಎಂದರು.

ಗೆಳತಿ ಪರದೆಯ ಮೇಲೆ ಬೆರಳಿಟ್ಟುಕೊಂಡು ಒಂದೊಂದೇ ಸಾಲು ನೋಡುತ್ತಿದ್ದಳು. "ಸರ್, ಇದು ಹತ್ತಿರ ಅಲ್ಲ, ಒಂದೇ. ಮಿರ್ಜಾನ ಕಡೆಯ ಮೀನಿಗೂ ಇದಕ್ಕೂ ಒಂದಕ್ಷರ ವ್ಯತ್ಯಾಸ ಇಲ್ಲ. ಎಷ್ಟೋ ಕಾಲದ ಹಿಂದೆ ಬೇರೆಯಾಗಿದ್ರೆ ನಾಲ್ಕು ಅಕ್ಷರ ಆದ್ರೂ ಬದಲಾಗಬೇಕಿತ್ತು. ಇನ್ನೊಂದ್ಸಲ ಹೋಗಿ ಹಿಡಿದು ತರ್ತೇವೆ" ಎಂದಳು.

"ಇತ್ತೀಚೆಗೆ ಕೂಡಿದ್ದಿರಬಹುದು" ಎಂದರು ಗೈಡ್. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಅಭಿಪ್ರಾಯ?" ಎಂದು ಕೇಳಿದರು. ಅವರು ನನ್ನ ಅಭಿಪ್ರಾಯ ಕೇಳಿದ್ದು ಅದೇ ಮೊದಲು.

"ಮತ್ತೆ ಹೋಗುವ ಅಗತ್ಯ ಇಲ್ಲ ಅನಿಸುತ್ತದೆ ಸರ್" ಎಂದೆ.

ಲೇಖನ ಬಂತು. ಮೊದಲ ಹೆಸರು ನನ್ನದು, ಕೊನೆಯದು ಗೈಡ್‌ದು, ನಡುವೆ ಅವಳದು. ಹೊಳೆಗಳು ಕೂಡಿದ್ದ ಕತೆಯನ್ನು ಗೈಡ್ ಹೋದಲ್ಲೆಲ್ಲ ಹೇಳಿದರು; ನಾನೂ ಎರಡು ಕಡೆ ನಿಂತು ಹೇಳಿದೆ. ಹೇಳುತ್ತ ಹೇಳುತ್ತ ನನಗೂ ಅದು ನಡೆದದ್ದೇ ಅನಿಸತೊಡಗಿತು. ಅದೇ ಅಧ್ಯಾಯದ ಬಲದ ಮೇಲೆ ನನ್ನ ಪ್ರಬಂಧ ಬೇಗ ಮುಗಿದು ಪದವಿ ಬಂತು. ಅವಳದು ಹಳ್ಳ ಹಳ್ಳ ಅಲೆಯುವ ಕೆಲಸ, ಇನ್ನೂ ಒಂದು ವರ್ಷ ಬಾಕಿಯಿತ್ತು.

ಆಗ ಬೇರೊಂದು ರಾಜ್ಯದ ಸಂಶೋಧನಾ ವಿದ್ಯಾರ್ಥಿಯೊಬ್ಬ ಗೈಡ್‌ಗೆ ಪತ್ರ ಬರೆದ. ವಿನಯದ ಪತ್ರವೇ. ನಾವು ಹೆಸರಿಸಿದ ಅದೇ ಹಳ್ಳಕ್ಕೆ ತಾನು ಹೋಗಿದ್ದಾಗಿಯೂ, ಅಲ್ಲಿಯ ಹನ್ನೆರಡು ಮೀನುಗಳಲ್ಲಿ ಒಂದೂ ಅಘನಾಶಿನಿಯ ಹತ್ತಿರ ಬರುವುದಿಲ್ಲವೆಂದೂ, ಅವೆಲ್ಲ ದಕ್ಷಿಣದ ಹೊಳೆಗಳ ಮೀನಿನ ಜೊತೆ ನಿಲ್ಲುತ್ತವೆಂದೂ, ಬಹುಶಃ ಬೇರೆಯೇ ಪ್ರಭೇದವೆಂದೂ ಬರೆದಿದ್ದ. ನಮ್ಮ ಮಾದರಿಗಳ ಚೀಟಿಯನ್ನು ಒಮ್ಮೆ ಪರೀಕ್ಷಿಸಬಹುದೇ ಎಂದು ಕೊನೆಯಲ್ಲಿ ಕೇಳಿದ್ದ.

ಪತ್ರ ಬಂದ ದಿನ ಗೈಡ್ ಮೊದಲು ನನ್ನೊಬ್ಬಳನ್ನೇ ಕರೆದರು. ನಾನು ಆಗ ಹೊನ್ನಾವರದ ಒಂದು ಕಾಲೇಜಿನ ಸಂದರ್ಶನಕ್ಕೆ ತಯಾರಾಗುತ್ತಿದ್ದೆ. ಪತ್ರ ಓದಲು ಕೊಟ್ಟು, ಓದಿದ ಮೇಲೆ ಬಹಳ ಹೊತ್ತು ನನ್ನ ಮುಖ ನೋಡಿದರು. ಅವರಿಗೆ ಗೊತ್ತಾಗಿತ್ತೆಂದೇ ಈಗಲೂ ನನ್ನ ಎಣಿಕೆ.

"ನಿಮಗೆ ಪದವಿ ಆಗಿದೆ, ಕೆಲಸ ಸಿಗುವುದರಲ್ಲಿದೆ" ಎಂದರು. "ಆ ಹುಡುಗಿಗೆ ಹೇಗೂ ಮನೆಯವರು ಮದುವೆ ಮಾಡುತ್ತಾರೆ. ಅವರಲ್ಲಿ ಎಷ್ಟು ಜನ ಕೆಲಸಕ್ಕೆ ಹೋಗುತ್ತಾರೆ? ಚೀಟಿಗಳು ಯಾರ ಅಕ್ಷರದಲ್ಲಿವೆ?"

"ಅವಳದು ಸರ್" ಎಂದೆ.

ಅದು ನಿಜ. ಅಕ್ಷರ ಅವಳದೇ. ನಾನು ಹೇಳಿದ್ದು ಸುಳ್ಳಲ್ಲ ಎಂದು ಹಾಸ್ಟೆಲ್ಲಿನವರೆಗೂ ಹೇಳಿಕೊಂಡು ಹೋದೆ. ಅವಳ ಮನೆಯವರು ಮದುವೆಯ ಮಾತೆತ್ತಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಮಗಳು ಡಾಕ್ಟರಾಗುತ್ತಾಳೆಂದು ಅವಳ ತಂದೆ ಅಂಗಡಿಗೆ ಬಂದವರಿಗೆಲ್ಲ ಹೇಳುವುದನ್ನು ಮಾತ್ರ ಕೇಳಿದ್ದೆ. ಅದನ್ನು ಗೈಡ್‌ಗೆ ಹೇಳಲಿಲ್ಲ.

ಮರುದಿನ ಇಬ್ಬರನ್ನೂ ಕೂರಿಸಿದರು. ಮೇಜಿನ ಮೇಲೆ ಐದು ಶೀಶೆ, ಅವಳ ನೋಟುಪುಸ್ತಕ.

"ಇದು ನಿಮ್ಮ ಅಕ್ಷರ ತಾನೆ?"

"ಹೌದು ಸರ್."

ಅವರು ನೋಟುಪುಸ್ತಕ ತೆರೆದು ಆ ಒಂದು ಸಾಲನ್ನು ಗಟ್ಟಿಯಾಗಿ ಓದಿದರು. "ಚೀಟಿ ಅಳಿಸಿತ್ತು, ಮತ್ತೆ ಬರೆದದ್ದು. ಇದೂ ನಿಮ್ಮದೇ. ಅಳಿಸಿದ್ದನ್ನು ಯಾವ ಆಧಾರದ ಮೇಲೆ ಬರೆದಿರಿ?"

"ನನಗೆ ಕೊಡುವಾಗಲೇ ಅಳಿಸಿತ್ತು ಸರ್. ಭಟ್ಕಳದ್ದು ಅಂತ ಹೇಳಿ ಕೊಟ್ಟದ್ದು."

"ಯಾರು ಕೊಟ್ಟದ್ದು?"

ಅವಳು ನನ್ನ ಕಡೆ ತಿರುಗಿದಳು. ಸಿಟ್ಟೇನೂ ಇರಲಿಲ್ಲ ಮುಖದಲ್ಲಿ. ಈಗ ನಾನು ಹೇಳುತ್ತೇನೆ, ಹೇಳಿದರೆ ಮುಗಿಯಿತು ಎಂಬಂತೆ ಕಾದಳು. ಗೈಡ್ ಕೂಡ ನನ್ನತ್ತ ನೋಡಿದರು.

"ನನಗೆ ಸರಿಯಾಗಿ ನೆನಪಿಲ್ಲ ಸರ್. ಆ ವಾರ ಇಬ್ಬರೂ ಓಡಾಡುತ್ತಿದ್ದೆವು" ಎಂದೆ.

ಅವಳು ಮುಂದಕ್ಕೆ ಬಾಗಿ ನೋಟುಪುಸ್ತಕವನ್ನು ಮುಚ್ಚಿ ತನ್ನ ಕಡೆ ಎಳೆದುಕೊಂಡಳು. "ಅಕ್ಷರ ನಂದೇ ಸರ್. ನಾನೇ ಬರೆದದ್ದು" ಎಂದು ಎದ್ದಳು.

ಅವಳ ಸಂಗ್ರಹ ಒಂದನ್ನೂ ನಂಬುವಂತಿಲ್ಲ, ಮೊದಲಿನಿಂದ ಎಲ್ಲ ಹಳ್ಳಕ್ಕೂ ಹೋಗಿ ಹೊಸದಾಗಿ ಹಿಡಿಯಬೇಕು ಎಂದು ಗೈಡ್ ಬರೆದರು. ಅವಳ ನೋಂದಣಿ ಮುಂದುವರಿಸುವ ಕಾಗದಕ್ಕೆ ಸಹಿ ಹಾಕಲಿಲ್ಲ. ಆ ತಿಂಗಳು ಮುಗಿಯುವ ಮೊದಲೇ ಅವಳು ಹಾಸ್ಟೆಲ್ ಬಿಟ್ಟಳು. ಹೊರಡುವ ದಿನ ನಾನು ಊರಿಗೆ ಹೋಗಿದ್ದೆ, ಬೇಕೆಂದೇ ಹೋಗಿದ್ದೆ. ಲೇಖನಕ್ಕೆ ಒಂದು ತಿದ್ದುಪಡಿ ಪ್ರಕಟವಾಯಿತು: ಸಂಗ್ರಹದ ಹಂತದಲ್ಲಿ ಚೀಟಿಯ ದೋಷದಿಂದ ಒಂದು ಹಳ್ಳದ ಮಾದರಿಗಳು ತಪ್ಪಾಗಿ ನಮೂದಾಗಿದ್ದವು, ಆ ಭಾಗವನ್ನು ಹಿಂತೆಗೆದುಕೊಂಡಿದೆ. ಯಾರ ದೋಷ ಎಂದು ಅದರಲ್ಲಿರಲಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ. ವಿಭಾಗದಲ್ಲಿ ಪ್ರಯೋಗಾಲಯದ ಸಹಾಯಕನಿಂದ ಹಿಡಿದು ಎಲ್ಲರಿಗೂ ಭಟ್ಕಳದ ಹುಡುಗಿ ಚೀಟಿ ತಪ್ಪು ಬರೆದಳೆಂದು ಗೊತ್ತಿತ್ತು.

ಹೊನ್ನಾವರದ ಕೆಲಸ ನನಗೆ ಸಿಕ್ಕಿತು. ಅಪ್ಪ ಸುದ್ದಿ ಕೇಳಿ ಬಹಳ ಸಂತೋಷಪಟ್ಟರು. ನಾಲ್ಕು ದಿನ ಬಿಟ್ಟು ಜಗಲಿಯಲ್ಲಿ ಪೇಪರು ಓದುತ್ತಿದ್ದವರು ತಲೆಯೆತ್ತಿ, "ಆ ಭಟ್ಕಳದ ಹುಡುಗಿ ಎಂತ ಆತು? ಫೋನೂ ಬಪ್ಪುದಿಲ್ಲ ಈಗ" ಎಂದು ಕೇಳಿದರು.

"ಬಿಟ್ಟಳು."

"ಮನೇಲಿ ಬೇಡ ಹೇಳಿರ್ಬೇಕು. ಪಾಪ."

"ಹೌದು" ಎಂದೆ.

ಆ ಒಂದು ಹೌದನ್ನು ಆಮೇಲೆ ಎಷ್ಟು ಜನರಿಗೆ ಹೇಳಿದೆನೋ. ಹಳೆಯ ಸಹಪಾಠಿಗಳು ಕೇಳಿದರು, ಅವರಿಗೂ ಅದೇ. ಅವಳ ಜಾತಿ, ಅವಳ ಊರು ನನ್ನ ಸುಳ್ಳನ್ನು ಹೊತ್ತುಕೊಂಡವು. ನಾನು ಏನನ್ನೂ ಕಟ್ಟಿ ಹೇಳಬೇಕಾಗಿರಲಿಲ್ಲ, ಕೇಳಿದವರೇ ಉತ್ತರ ಸಿದ್ಧ ಮಾಡಿಕೊಂಡು ಬರುತ್ತಿದ್ದರು. ನಾನು ತಲೆಯಾಡಿಸಿದರೆ ಸಾಕಿತ್ತು.

ಕಾಲೇಜಿನಲ್ಲಿ ಬಿ.ಎಸ್ಸಿ. ಮಕ್ಕಳಿಗೆ ನಾನು ಕಲಿಸುವುದು ಇದನ್ನೇ: ಡಿಎನ್‌ಎ ನೋಡಿ ಪ್ರಭೇದಗಳ ಸಂಬಂಧ ಹೇಳುವುದು. ಮಾವಿನಕುರ್ವೆಯಿಂದ ಬರುವ ಮೀನುಗಾರರ ಮನೆಯ ಹುಡುಗಿಯರು ಮೊದಲ ಬೆಂಚಿನಲ್ಲಿ ಕೂರುತ್ತಾರೆ. ಬಂಗಡೆಗೂ ಸುರಮಾಯಿಗೂ ಎಷ್ಟು ಹತ್ತಿರದ ಸಂಬಂಧ, ತೊರಕೆ ಅದರಿಂದ ಎಷ್ಟು ದೂರ ಎಂದು ಬೋರ್ಡಿನ ಮೇಲೆ ಕೊಂಬೆ ಬರೆದು ತೋರಿಸುತ್ತೇನೆ. ಒಂದು ವರ್ಷ ಅವರಲ್ಲೊಬ್ಬಳು, "ಮೇಡಂ, ಒಂದು ಮೀನು ತಪ್ಪು ಜಾಗದಾಗೆ ಬಂದ್ರೆ ಹೆಂಗೆ ಗೊತ್ತಾಗ್ತದೆ?" ಎಂದು ಕೇಳಿದಳು. ಮತ್ತೆ ಹಿಡಿದು ನೋಡಬೇಕು ಎಂದೆ. ಸರಿಯಾದ ಉತ್ತರವೇ. ಅವಳು ಬರೆದುಕೊಂಡಳು. ತರಗತಿ ಮುಗಿಸಿ ಸ್ಟಾಫ್ ರೂಮಿಗೆ ಬಂದವಳು ಮಧ್ಯಾಹ್ನದ ಪಾಠಕ್ಕೆ ಹೋಗಲಿಲ್ಲ. ಆ ಶನಿವಾರ ಭಟ್ಕಳದ ಬಸ್ಸು ಹತ್ತಿದೆ. ಗೆಳತಿ ವಿಭಾಗ ಬಿಟ್ಟುಹೋಗಿ ಆಗ ಎಂಟು ವರ್ಷ.

ಬಾಗಿಲು ತೆರೆದವರು ಅವಳ ತಾಯಿ. ಕೂದಲು ನರೆತಿತ್ತು, ನನ್ನ ಗುರುತು ಮಾತ್ರ ತಕ್ಷಣ ಹಿಡಿದರು. "ಇಷ್ಟು ವರ್ಷ ಎಲ್ಲಿ ಹೋಗಿದ್ದೆ? ಯಾಕೆ ಬರೋದು ಬಿಟ್ಟೆ?" ಎಂದು ಕೈ ಹಿಡಿದು ಒಳಗೆ ಕರೆದರು. ನಾನು ಅವರ ಮುಖ ನೋಡಿದೆ. ಅವರಿಗೆ ಏನೂ ಗೊತ್ತಿರಲಿಲ್ಲ.

ಅವಳು ಊರಿನ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಮದುವೆಯಾಗಿ ಇಬ್ಬರು ಮಕ್ಕಳು, ಅದೇ ಬೀದಿಯಲ್ಲಿ ಮನೆ. ತಾಯಿ ಕರೆ ಕಳಿಸಿದ ಮೇಲೆ ಬಂದಳು. ನನ್ನನ್ನು ನೋಡಿ ಬಾಗಿಲಲ್ಲೇ ಒಂದು ಗಳಿಗೆ ನಿಂತು, ಆಮೇಲೆ ಎದುರಿನ ಕುರ್ಚಿಯಲ್ಲಿ ಕೂತಳು. ತಾಯಿ ಚಹಾ ಮಾಡಲು ಒಳಗೆ ಹೋಗುವವರೆಗೆ ನಾವು ಮಕ್ಕಳ ವಿಷಯ, ಹೆದ್ದಾರಿ ಅಗಲ ಮಾಡಿದ ವಿಷಯ ಮಾತಾಡಿದೆವು.

"ನನಗೆ ಅವತ್ತು ನೆನಪಿತ್ತು" ಎಂದೆ.

"ಗೊತ್ತು."

"ಖಾತ್ರಿ ಇಲ್ಲದೇ ಇದ್ರೂ ಖಾತ್ರಿ ಇದೆ ಅಂದಿದ್ದೆ."

"ಅದೂ ಗೊತ್ತು. ಪರದೆ ಮೇಲೆ ಅಕ್ಷರ ನೋಡಿದ ದಿನವೇ ಗೊತ್ತಾತು. ನೀನೇ ಹೇಳ್ತಿ ಹೇಳಿ ಕಾದೆ. ಮತ್ತೆ ಹೋಗಿ ಹಿಡಿದು ತರುವಾ ಅಂದದ್ದು ಯಾಕೆ? ನಿನ್ನ ಮರ್ಯಾದೆ ಉಳೀಲಿ ಅಂತ."

ಅದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

"ಸರ್ ಎದುರಿಗೆ ನೀನ್ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ನೀನು ನೆನಪಿಲ್ಲ ಅಂದ್ಮೇಲೆ ನಾನು ಎಂತ ಹೇಳಿದ್ರೂ ಅದು ಇಬ್ಬರು ಹುಡುಗೀರ ಜಗಳ. ಅವರು ಯಾರ ಮಾತು ನಂಬ್ತಿದ್ರು ಹೇಳಿ ನಿಂಗೆ ಗೊತ್ತಿಲ್ವಾ?" ಅವಳು ಒಳಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಮನೇಲೂ ಹೇಳಲಿಲ್ಲ. ಓದಿ ಸಾಕಾತು, ಬಿಟ್ಟೆ ಅಂದೆ. ನಿಜ ಹೇಳಿದ್ರೆ, ನಾವು ಮೊದಲೇ ಹೇಳಿದ್ವಲ್ಲ, ಅವರನ್ನೆಲ್ಲ ನಂಬಬೇಡ ಅಂತ, ಅನ್ನೋರು ಬೀದಿ ತುಂಬ ಇದ್ದಾರೆ. ಅದನ್ನ ಕೇಳೋದು ನಂಗೆ ಬೇಕಿರಲಿಲ್ಲ. ನನ್ನಮ್ಮನಿಗೆ ನೀನಂದ್ರೆ ಈಗ್ಲೂ ಇಷ್ಟ."

ಕ್ಷಮಿಸು ಎಂಬ ಮಾತು ಬಾಯಿಗೆ ಬಂತು, ಆಡಿದೆ. ಅವಳು ಕೈ ಅಡ್ಡ ಮಾಡಿದಳು.

"ಅದನ್ನ ಇಲ್ಲಿ ಕೂತು ನಂಗೆ ಹೇಳಿ ಎಂತ ಆಗಬೇಕು? ನಿಂಗೆ ಹಗುರಾಗ್ತದೆ, ಅಷ್ಟೇ. ಅಲ್ಲಿ ಹೇಳು. ಬರದು ಹೇಳು."

ತಾಯಿ ಚಹಾ ತಂದರು. ಮೂವರೂ ಕುಡಿದೆವು. ನಾನು ಹೊರಡುವಾಗ ತಾಯಿ ಬೀದಿಯ ತಿರುವಿನವರೆಗೆ ಬಂದರು, ಅವಳು ಬರಲಿಲ್ಲ.

ಬರೆಯಲು ನನಗೆ ಮತ್ತೆ ಏಳು ತಿಂಗಳು ಬೇಕಾಯಿತು. ವಿಭಾಗಕ್ಕೂ ಲೇಖನ ಪ್ರಕಟಿಸಿದ ಪತ್ರಿಕೆಗೂ ಒಂದೊಂದು ಪತ್ರ ಕಳಿಸಿದೆ. ಪೆನ್ನಿನಲ್ಲಿ ಬರೆದದ್ದು ನಾನು, ಊಹೆಯ ಮೇಲೆ ಭಟ್ಕಳದ್ದೆಂದು ಹೇಳಿದ್ದು ನಾನು, ಸಹಸಂಶೋಧಕಿ ನನ್ನ ಮಾತು ನಂಬಿ ಬರೆದಳು, ಕೇಳಿದಾಗ ನಾನು ಸುಳ್ಳು ಹೇಳಿದೆ. ಹೀಗೆ ಒಂದೂ ಬಿಡದೆ ಬರೆದೆ. ಪದವಿ ಹೋದರೆ ಹೋಗಲಿ ಎಂದುಕೊಂಡಿದ್ದೆ. ಧೈರ್ಯವೇನಲ್ಲ, ಹೋದರೆ ಒಳ್ಳೆಯದು ಎಂಬ ಒಂದು ಆಸೆ. ಗೈಡ್ ನಿವೃತ್ತರಾಗಿ ಮಗಳ ಊರು ಸೇರಿದ್ದರು. ಅವರಿಗೂ ಒಂದು ಪ್ರತಿ ಕಳಿಸಿದೆ, ಉತ್ತರ ಬರಲಿಲ್ಲ.

ಪತ್ರಿಕೆಯವರು ಸೌಜನ್ಯದಿಂದ ಉತ್ತರಿಸಿದರು. ತಿದ್ದುಪಡಿ ಈಗಾಗಲೇ ಪ್ರಕಟವಾಗಿದೆ, ಅದರಲ್ಲಿ ಯಾರ ಹೆಸರನ್ನೂ ಹೇಳಿಲ್ಲ, ಆದ್ದರಿಂದ ಮತ್ತೆ ತಿದ್ದುವಂಥದ್ದು ಏನೂ ಇಲ್ಲ. ವಿಭಾಗದ ಉತ್ತರವೂ ಸುಮಾರಾಗಿ ಅದೇ: ಆ ವಿದ್ಯಾರ್ಥಿನಿ ಸ್ವಇಚ್ಛೆಯಿಂದ ಬಿಟ್ಟುಹೋಗಿರುವುದಾಗಿ ಕಡತದಲ್ಲಿದೆ, ವಿಷಯ ಮುಗಿದಿದೆ. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಮರ ಸರಿಯಾಗಿದೆ. ಭಟ್ಕಳದ ಮೀನು ದಕ್ಷಿಣದ ತನ್ನವರ ಜೊತೆ ಕೂತಿದೆ. ಪತ್ರ ಬರೆದ ಆ ವಿದ್ಯಾರ್ಥಿ ಅದಕ್ಕೊಂದು ಹೊಸ ಹೆಸರಿಟ್ಟು ಪ್ರಭೇದವೆಂದು ಪ್ರಕಟಿಸಿದ್ದಾನೆ. ವಿಜ್ಞಾನಕ್ಕೆ ನಾನು ಮಾಡಿದ ಹಾನಿ ಎರಡು ವರ್ಷಕ್ಕೆ ಸರಿಹೋಯಿತು.

ಎರಡೂ ಉತ್ತರಗಳ ಫೋಟೋ ತೆಗೆದು ಅವಳಿಗೆ ವಾಟ್ಸಪ್ಪಿನಲ್ಲಿ ಕಳಿಸಿದೆ. ಓದಿದ ಗುರುತು ಆಗಲೇ ಬಂತು. ಎರಡು ದಿನ ಬಿಟ್ಟು ಒಂದು ಸಾಲು ಬಂತು: "ನೋಡಿದೆ. ಇದನ್ನು ನನ್ನ ಅಮ್ಮನಿಗೆ ಹೇಳಬೇಡ." ನಾನು ಸರಿ ಎಂದೆ. ಆಮೇಲೆ ಈದ್‌ಗೊಮ್ಮೆ ಶುಭಾಶಯ ಕಳಿಸುತ್ತೇನೆ. ಅವಳೂ ಒಂದು ಹೂವಿನ ಚಿತ್ರ ಕಳಿಸುತ್ತಾಳೆ.

ಈ ವರ್ಷ ನನ್ನ ಬಡ್ತಿಯ ಸರದಿ ಬಂತು. ಅರ್ಜಿಯಲ್ಲಿ ಪ್ರಕಟವಾದ ಲೇಖನಗಳ ಪಟ್ಟಿ ಕೊಡಬೇಕು, ಒಂದೊಂದಕ್ಕೂ ಇಷ್ಟಿಷ್ಟು ಅಂಕ. ಆ ಲೇಖನವನ್ನು ಬಿಡಬೇಕೆಂದೇ ಕೂತಿದ್ದೆ. ಉಳಿದವನ್ನು ಕೂಡಿಸಿ ನೋಡಿದೆ, ಸ್ವಲ್ಪ ಕಡಿಮೆ ಬೀಳುತ್ತಿತ್ತು. ತಿದ್ದುಪಡಿಯಾದ ಲೇಖನವನ್ನೂ ಸೇರಿಸಬಹುದು, ನಿಯಮ ಬೇಡ ಎನ್ನುವುದಿಲ್ಲ ಎಂದು ಆಫೀಸಿನವರು ಹೇಳಿದರು. ಐದನೆಯ ಸಾಲಿನಲ್ಲಿ ಬರೆದೆ. ನನ್ನ ಹೆಸರು, ನಡುವೆ ಅವಳ ಹೆಸರು, ಕೊನೆಗೆ ಗೈಡ್ ಹೆಸರು. ಬಡ್ತಿ ಬಂತು.